ಬರದ ವರ್ಷದ ಹುರುಪೆ, ಮಳೆಯ ವರ್ಷದ ಮಸಿ: ಹವಾಮಾನಕ್ಕೂ ಶಲ್ಕ ಕೀಟಕ್ಕೂ ಏನು ಸಂಬಂಧ?

ಪ್ರಶ್ನೆ: ಹಿರಿಯೂರು ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ತೋಟ. ದಾಳಿಂಬೆ ಮುಖ್ಯ ಬೆಳೆ; ಬದುವಿನ ಮೇಲೆ ಸೀಬೆ, ಕಚ್ಚಾ ರಸ್ತೆಯ ಪಕ್ಕದಲ್ಲಿ ನಿಂಬೆ ಸಾಲು ಇವೆ. ವಾಣಿವಿಲಾಸ ಸಾಗರ ಕೋಡಿ ಬಿದ್ದ 2022ರಲ್ಲಿ ಹುರುಪೆ ಹುಳುವಿನ ಕಾಟ ಅಷ್ಟಾಗಿ ಇರಲಿಲ್ಲ. 2023ರ ಬರ ಮತ್ತು ಅದರ ಮುಂದಿನ ಬೇಸಿಗೆಯಲ್ಲಿ ನಿಂಬೆಯ ಕೊಂಬೆಗಳು ಹುರುಪೆ ಕಟ್ಟಿ ತುದಿಯಿಂದ ಒಣಗಿದವು. ಮಳೆ ಬಂದು ತಂಪಾದರೆ ಹೋದೀತು ಎಂದುಕೊಂಡರೆ, ಸೀಬೆಯ ಎಲೆಯ ಕೆಳಗೆ ಬಿಳಿ ಹತ್ತಿಯಂಥದ್ದು ಕಟ್ಟಿಕೊಂಡು ಎಲೆಗಳೆಲ್ಲ ಮಸಿ ಬಳಿದಂತಾದವು. ಬಿಸಿಲಿಗೂ ಬರುತ್ತದೆ, ತಂಪಿಗೂ ಬರುತ್ತದೆ ಎಂದಮೇಲೆ ಹವಾಮಾನಕ್ಕೂ ಈ ಹುಳುವಿಗೂ ನಿಜವಾಗಿ ಸಂಬಂಧವಿದೆಯೇ? ರಸ್ತೆ ಪಕ್ಕದ ಸಾಲಿನಲ್ಲೇ ಹೆಚ್ಚು ಏಕೆ? ತಿಂಗಳಿಗೊಮ್ಮೆ ಔಷಧಿ ಹೊಡೆದರೂ ಹೋಗುತ್ತಿಲ್ಲ, ಏನು ಮಾಡಬೇಕು?

ಉತ್ತರ: ನಿಂಬೆಯ ಕೊಂಬೆಯ ಮೇಲೆ ನೀವು ಕಂಡ ಹುರುಪೆಯೂ ಸೀಬೆಯ ಎಲೆಯ ಕೆಳಗಿನ ಬಿಳಿ ಹತ್ತಿಯೂ ಒಂದೇ ಹುಳುವಿನ ಕೆಲಸವಲ್ಲ ಎಂದು ನಿಮ್ಮ ವಿವರಣೆಯಿಂದಲೇ ತೋರುತ್ತದೆ. ಗಿಡಕ್ಕೆ ಅಂಟಿ ಕೂತು ರಸ ಹೀರುವ ಈ ಹುರುಪೆ ಹುಳುಗಳೆರಡನ್ನೂ ಶಲ್ಕ ಕೀಟ ಎಂದೇ ಕರೆಯುತ್ತೇವೆ, ಅಂಗಡಿಯಲ್ಲಿ ಎರಡಕ್ಕೂ ಒಂದೇ ಡಬ್ಬಿ ಕೊಡುತ್ತಾರೆ. ಆದರೆ ಅವು ಬೇರೆ ಬೇರೆ ಕುಟುಂಬಕ್ಕೆ ಸೇರಿದವು. ಬಿಸಿಲು, ತೇವ, ಗಾಳಿಗಳನ್ನು ಅವು ತಾಳಿಕೊಳ್ಳುವ ಬಗೆಯೂ ಬೇರೆ. ಆದ್ದರಿಂದ ಔಷಧಿಯ ಮಾತಿಗೆ ಮುಂಚೆ ಒಂದು ಗುಂಡುಪಿನ್ನು, ಒಂದು ಭೂತಗನ್ನಡಿ ಹಿಡಿದು ತೋಟಕ್ಕೆ ಹೋಗಿ.

ನಿಂಬೆಯ ಕೊಂಬೆಯ ಮೇಲಿನ ಒಂದು ಹುರುಪೆಯ ಅಂಚಿಗೆ ಪಿನ್ನಿನ ಮೊನೆ ಕೊಟ್ಟು ಮೆಲ್ಲಗೆ ಎತ್ತಿರಿ. ಮೇಲಿನ ಹೊದಿಕೆ ಮುಚ್ಚಳದಂತೆ ಬಿಡಿಸಿಕೊಂಡು ಬಂದು, ಅದರ ಕೆಳಗೆ ಕಾಲಿಲ್ಲದ, ಹಳದಿ ಬಣ್ಣದ, ಮೆತ್ತಗಿನ ದೇಹವೊಂದು ಬೇರೆಯಾಗಿ ಕಂಡರೆ ಅದು ಗಟ್ಟಿ ಹೊದಿಕೆಯ ಶಲ್ಕ ಕೀಟ. ಆ ಮುಚ್ಚಳವನ್ನು ಕೀಟವು ತಾನು ಸ್ರವಿಸಿದ ಮೇಣ ಮತ್ತು ತಾನೇ ಕಳಚಿದ ಪೊರೆಗಳಿಂದ ಕಟ್ಟಿಕೊಂಡಿರುತ್ತದೆ. ನಿಂಬೆ, ಮೋಸಂಬಿ, ಕಿತ್ತಳೆಗಳಿಗೆ ಬರುವ ಕೆಂಪು ಶಲ್ಕ ಕೀಟ ಈ ಜಾತಿಯದು. ಮುಚ್ಚಳ ಬೇರೆಯಾಗದೆ ಇಡೀ ಹುಳುವೇ ಪಿನ್ನಿಗೆ ಸಿಕ್ಕಿ ಒಡೆದರೆ ಅದು ಮೆದು ಶಲ್ಕ ಕೀಟ. ಅದರ ಬೆನ್ನೇ ಅದರ ಹೊದಿಕೆ. ನಿಮ್ಮ ಸೀಬೆಯ ಮೇಲಿನದು ಬಹುಮಟ್ಟಿಗೆ ಪಲ್ವಿನೇರಿಯಾ ಎಂಬ ಹಸಿರು ಶಲ್ಕ ಕೀಟ, ಆ ಬಿಳಿ ಹತ್ತಿ ಅದರ ಮೊಟ್ಟೆಚೀಲ. ಮೆದು ಶಲ್ಕ ಕೀಟಗಳು ಗಿಡದ ಆಹಾರನಾಳದಿಂದ ಸಕ್ಕರೆಯ ರಸವನ್ನು ಬೇಕಾದ್ದಕ್ಕಿಂತ ಹೆಚ್ಚು ಹೀರಿ, ಮಿಕ್ಕಿದ್ದನ್ನು ಅಂಟಿನ ಹನಿಗಳಾಗಿ ಹೊರಹಾಕುತ್ತವೆ. ಕಪ್ಪು ಬೂಷ್ಟು ಬೆಳೆಯುವುದು ಆ ಅಂಟಿನ ಮೇಲೆ. ಗಟ್ಟಿ ಹೊದಿಕೆಯವು ಆಹಾರನಾಳಕ್ಕೆ ಹೋಗದೆ ಜೀವಕೋಶಗಳನ್ನೇ ಚುಚ್ಚಿ ಬರಿದು ಮಾಡುವುದರಿಂದ ಅಂಟೂ ಇಲ್ಲ, ಮಸಿಯೂ ಇಲ್ಲ. ಕೊಂಬೆ ಸದ್ದಿಲ್ಲದೆ ಒಣಗುತ್ತದೆ.

ಈಗ ಉಷ್ಣಾಂಶದ ವಿಚಾರ. ಕೀಟಗಳಿಗೆ ನಮ್ಮಂತೆ ಸ್ವಂತ ಮೈಶಾಖವಿಲ್ಲ. ಸುತ್ತಲಿನ ಶಾಖವೇ ಅವುಗಳ ಬೆಳವಣಿಗೆಯ ವೇಗವನ್ನು ನಿರ್ಧರಿಸುತ್ತದೆ. ಇದನ್ನು ಲೆಕ್ಕ ಹಾಕಲು ಕೀಟಶಾಸ್ತ್ರದಲ್ಲಿ ದಿನ-ಡಿಗ್ರಿ ಎಂಬ ಅಳತೆಯಿದೆ. ಕೆಂಪು ಶಲ್ಕ ಕೀಟ 11.7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೆಳೆಯುವುದಿಲ್ಲ. ದಿನದ ಸರಾಸರಿ ಉಷ್ಣಾಂಶದಿಂದ ಈ 11.7ನ್ನು ಕಳೆದು ಉಳಿದದ್ದನ್ನು ದಿನದಿನವೂ ಕೂಡಿಸುತ್ತಾ ಹೋದರೆ, ಮೊತ್ತ ಸುಮಾರು 610 ಆದಾಗ ಒಂದು ತಲೆಮಾರು ಮುಗಿದು ಮುಂದಿನದರ ಮರಿಗಳು ಹೊರಬರುತ್ತವೆ. ನಮ್ಮ ಭಾಗದಲ್ಲಿ ಡಿಸೆಂಬರ್ ತಿಂಗಳ ಸರಾಸರಿಯನ್ನು 22–23 ಡಿಗ್ರಿ ಎಂದು ಹಿಡಿದರೆ ಒಂದು ತಲೆಮಾರಿಗೆ 55–60 ದಿನ ಬೇಕು. ಏಪ್ರಿಲ್‌ನಲ್ಲಿ ಸರಾಸರಿ 30 ಡಿಗ್ರಿ ಮುಟ್ಟಿದಾಗ ಅದೇ ಕೆಲಸ 33 ದಿನಗಳಲ್ಲಿ ಮುಗಿಯುತ್ತದೆ. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ 100ರಿಂದ 150 ಮರಿ ಹಾಕುತ್ತದೆ, ಅದೂ ಒಮ್ಮೆಗೇ ಅಲ್ಲ, ದಿನಕ್ಕೆ ಎರಡು ಮೂರರಂತೆ ವಾರಗಟ್ಟಲೆ. ಚಳಿಗಾಲ ಕೊರೆಯುವ ನಾಡುಗಳಲ್ಲಿ ವರ್ಷಕ್ಕೊಮ್ಮೆ ಈ ಲೆಕ್ಕ ನಿಂತು ಮತ್ತೆ ಶುರುವಾಗುತ್ತದೆ. ಚಿತ್ರದುರ್ಗ, ದಾವಣಗೆರೆಗಳಲ್ಲಿ ಅದು ನಿಲ್ಲುವುದೇ ಇಲ್ಲ. ಹಾಗಾಗಿ ಬೇಸಿಗೆ ಮುಗಿಯುವ ಹೊತ್ತಿಗೆ ಒಂದೇ ಕೊಂಬೆಯ ಮೇಲೆ ಅಜ್ಜಿ, ತಾಯಿ, ಮಗಳು, ಮೊಮ್ಮಗಳು ಎಲ್ಲರೂ ಒಟ್ಟಿಗೆ ಕೂತಿರುತ್ತಾರೆ.

ಬಿಸಿ ಹೆಚ್ಚಿದಷ್ಟೂ ಸಂತಾನ ಹೆಚ್ಚುತ್ತದೆ ಎನ್ನುವುದು ಬೀದಿಮರಗಳಲ್ಲೂ ಕಂಡಿದೆ. ಅಮೆರಿಕದ ರಾಲಿ ನಗರದಲ್ಲಿ ಕಾಂಕ್ರೀಟು, ಡಾಂಬರುಗಳ ನಡುವೆ ಬೆಳೆದ ಮೇಪಲ್ ಮರಗಳ ಮೇಲಿನ ಶಲ್ಕ ಕೀಟಗಳು ಅದೇ ಊರಿನ ತಂಪು ಜಾಗದ ಮರಗಳ ಮೇಲಿನವುಗಳಿಗಿಂತ ಹೆಚ್ಚು ಮೊಟ್ಟೆ ಇಟ್ಟದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಎರಡು ಜಾಗಗಳ ನಡುವಿನ ವ್ಯತ್ಯಾಸ ಕೆಲವೇ ಡಿಗ್ರಿಗಳದ್ದು. ಬಂಡೆ, ಕಲ್ಲುಗೋಡೆ, ಡಾಂಬರು ರಸ್ತೆಗೆ ಒತ್ತಿಕೊಂಡ ಗಿಡಗಳನ್ನು ಮೊದಲು ನೋಡಿ ಎಂದು ನಾನು ರೈತರಿಗೆ ಹೇಳುವುದು ಇದೇ ಕಾರಣಕ್ಕೆ.

ಆದರೆ ಇದಕ್ಕೆ ಮೇಲಿನ ಮಿತಿಯೂ ಇದೆ, ನಿಮ್ಮ ಪ್ರಶ್ನೆಯ ಗಂಟು ಸಡಿಲವಾಗುವುದು ಅಲ್ಲೇ. ಶಲ್ಕ ಕೀಟ ಜೀವಮಾನದಲ್ಲಿ ಹೆಚ್ಚಾಗಿ ನಡೆದಾಡುವುದು ಹುಟ್ಟಿದ ಹೊಸದರಲ್ಲೇ. ಮೊಟ್ಟೆಯಿಂದ ಹೊರಬಂದ ಮರಿಗೆ ಕಾಲಿರುತ್ತವೆ, ಮೇಣದ ರಕ್ಷಣೆ ಇರುವುದಿಲ್ಲ. ಕೆಲವು ಗಂಟೆಗಳಿಂದ ಒಂದೆರಡು ದಿನದೊಳಗೆ ಜಾಗ ಹುಡುಕಿ, ಸೂಜಿಯಂಥ ಬಾಯಿಯನ್ನು ಚುಚ್ಚಿ ಅದು ನೆಲೆ ನಿಲ್ಲಬೇಕು. ಆ ಹೊತ್ತಿನಲ್ಲಿ ಉಷ್ಣಾಂಶ 38–40 ಡಿಗ್ರಿ ಮುಟ್ಟಿ, ಗಾಳಿಯೂ ಒಣಗಿದ್ದರೆ ಮರಿಗಳು ರಾಶಿರಾಶಿಯಾಗಿ ಬತ್ತಿ ಸಾಯುತ್ತವೆ. ಗಟ್ಟಿ ಹೊದಿಕೆಯ ಕೀಟದ ಮರಿ ನೆಲೆ ನಿಂತ ಕೂಡಲೇ ಮೈಮೇಲೆ ಮೇಣದ ಬಿಳಿ ಟೊಪ್ಪಿಗೆ ಹೊದೆಯತೊಡಗುವುದರಿಂದ ಬಿಸಿಲನ್ನು ತಾಳಿಕೊಳ್ಳುತ್ತದೆ. ಮೆದು ಶಲ್ಕ ಕೀಟದ ಮರಿಗೆ ಆ ಅನುಕೂಲವಿಲ್ಲ, ಅದು ಎಲೆಯಡಿಯ ನೆರಳನ್ನೇ ನಂಬಬೇಕು. ಏಪ್ರಿಲ್, ಮೇ ತಿಂಗಳ ಉರಿಬಿಸಿಲು ನಿಂಬೆಯ ಕೆಂಪು ಶಲ್ಕ ಕೀಟವನ್ನು ಬೆಳೆಸುವುದಕ್ಕೂ, ಅದೇ ಬಿಸಿಲು ಸೀಬೆಯ ಹಸಿರು ಶಲ್ಕ ಕೀಟವನ್ನು ತಡೆದಿಟ್ಟು ಮಳೆಗಾಲ ಕಳೆದು ಹದವಾದ ತಂಪು ಬಂದ ಮೇಲೆ ಅದಕ್ಕೆ ದಾರಿ ಬಿಡುವುದಕ್ಕೂ ಇದು ಮುಖ್ಯ ಕಾರಣ. ಒತ್ತಾಗಿ ಬೆಳೆದು ಒಳಗೆ ಬೆಳಕು ಬೀಳದ ಸೀಬೆ ಮರದಲ್ಲಿ ಬೇಸಿಗೆಯೂ ಈ ಕೆಲಸ ಮಾಡಲಾರದು, ಏಕೆಂದರೆ ಹುಳುವಿಗೆ ಬೇಕಾದ ನೆರಳನ್ನು ಮರವೇ ಕೊಟ್ಟಿರುತ್ತದೆ.

ಮಳೆಯ ಮಾತು ಹೆಚ್ಚು ಬೇಕಿಲ್ಲ. ಭರಣಿ, ರೋಹಿಣಿ ಮಳೆಗಳ ದಪ್ಪ ಹನಿ ಓಡಾಡುವ ಮರಿಗಳನ್ನು ತೊಳೆದು ನೆಲಕ್ಕೆ ಹಾಕುತ್ತದೆ. ನೆಲೆ ನಿಂತವುಗಳನ್ನು ಅದು ಕೀಳಲಾರದು. ಮಳೆಯ ದೊಡ್ಡ ಉಪಕಾರ ಬೇರೆಯೇ ಇದೆ: ಎಲೆ ತೊಳೆಯುವುದು, ಗಾಳಿಯಲ್ಲಿ ತೇವ ಕಟ್ಟುವುದು. ತೇವ ಹಲವು ದಿನ ನಿಂತರೆ ವರ್ಟಿಸಿಲಿಯಂ ಲೆಕ್ಯಾನಿಯಂಥ ಶಿಲೀಂಧ್ರಗಳು ಮೆದು ಶಲ್ಕ ಕೀಟಗಳಿಗೆ ರೋಗ ಹಚ್ಚಿ ಗುಂಪುಗುಂಪಾಗಿ ಕೊಲ್ಲುತ್ತವೆ. ಮಲೆನಾಡಿನ ಕಾಫಿ ತೋಟಗಳಲ್ಲಿ ಮಳೆಗಾಲದಲ್ಲಿ ಹಸಿರು ತಿಗಣೆ ಎಂಬ ಮೆದು ಶಲ್ಕ ಕೀಟದ ಮೇಲೆ ಬಿಳಿ ಬೂಷ್ಟು ಕಾಣುವುದು ಇದೇ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಹಿರಿಯೂರು, ಚಳ್ಳಕೆರೆ ಕಡೆ ಅಂಥ ತೇವ ಸಿಗುವುದು ಬಹಳ ಕಡಿಮೆ ದಿನ. ಬೇಸಿಗೆಯಲ್ಲಿ ಈ ಶಿಲೀಂಧ್ರದ ಜೈವಿಕ ಪುಡಿಯನ್ನು ಕೊಂಡು ನಡುಹಗಲು ಸಿಂಪಡಿಸುವವರನ್ನು ಕಂಡರೆ ನನಗೆ ಅವರ ಹಣದ ಬಗ್ಗೆ ಮರುಕವಾಗುತ್ತದೆ. ಅದನ್ನು ಬಳಸುವುದಾದರೆ ಉತ್ತರೆ, ಹಸ್ತದ ಮೋಡ ಕವಿದ ವಾರಗಳಲ್ಲಿ, ಸಂಜೆ ಹೊತ್ತಿನಲ್ಲಿ ಬಳಸಬೇಕು.

ಇನ್ನು ಗಿಡದ ಸ್ಥಿತಿ. ನೀರು ಸಾಲದ ಗಿಡದಲ್ಲಿ ಹೊಸ ಅಂಗಾಂಶ ಕಟ್ಟುವ ಕೆಲಸ ನಿಂತು, ಹಳೆಯ ಪ್ರೋಟೀನುಗಳು ಒಡೆದು, ರಸದಲ್ಲಿ ಅಮೈನೋ ಆಮ್ಲಗಳ ಸಾಂದ್ರತೆ ಏರುತ್ತದೆ. ರಸ ಹೀರುವ ಕೀಟಕ್ಕೆ ಕೊರತೆಯಾಗಿರುವುದು ಸಾರಜನಕವೇ ಆದ್ದರಿಂದ ಇದು ಅದಕ್ಕೆ ಒಳ್ಳೆಯ ಊಟ. ಬರದ ವರ್ಷ ನಿಂಬೆಯ ಕೊಂಬೆ ಒಣಗಿದ್ದರಲ್ಲಿ ಇದರ ಪಾಲೂ ಇದೆ: ಹುಳು ಹೆಚ್ಚಾಯಿತು ಎನ್ನುವುದು ಒಂದು, ಅದೇ ಸಂಖ್ಯೆಯ ಹುಳುವನ್ನು ತಾಳುವ ಶಕ್ತಿ ಗಿಡಕ್ಕೆ ಇರಲಿಲ್ಲ ಎನ್ನುವುದು ಇನ್ನೊಂದು. ಮಳೆ ಬಂದ ಮೇಲೆ ನೀವು ಸೀಬೆಗೆ ಯೂರಿಯಾ ಕೊಟ್ಟಿದ್ದರೆ ಅಲ್ಲಿಯೂ ಅದೇ ಊಟವನ್ನು ಬೇರೆ ದಾರಿಯಿಂದ ಬಡಿಸಿದಂತಾಗಿದೆ. ಸಾರಜನಕ ಹೆಚ್ಚಾದ ಎಳೆ ಚಿಗುರಿನ ಮೇಲೆ ಮೆದು ಶಲ್ಕ ಕೀಟ ಹೆಚ್ಚು ಮೊಟ್ಟೆ ಇಡುತ್ತದೆ. ದಾಳಿಂಬೆಯ ಬಹಾರ್ (ಒಮ್ಮೆಗೇ ಹೂ ಬಿಡಿಸುವ ಹಂಗಾಮು) ಹಿಡಿಯಲು ನೀರು ನಿಲ್ಲಿಸಿ ಗಿಡವನ್ನು ದಣಿಸುವುದು ಬೆಳೆಯ ಪದ್ಧತಿಯೇ ಆಗಿರುವುದರಿಂದ ಅದನ್ನು ಬಿಡಿ ಎನ್ನಲಾರೆ. ಎಲೆ ಉದುರಿದ ಆ ಸಮಯದಲ್ಲೇ ಕಾಂಡ, ಕವಲುಗಳನ್ನು ಒಮ್ಮೆ ಕೂಲಂಕಷವಾಗಿ ನೋಡಿಬಿಡಿ. ವರ್ಷದ ಬೇರೆ ಯಾವ ಕಾಲದಲ್ಲೂ ಶಲ್ಕ ಕೀಟ ಅಷ್ಟು ಬಯಲಾಗಿ ಕಾಣುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹವಾಮಾನ ನೇರವಾಗಿ ಕೀಟದ ಮೇಲೆ, ಗಿಡದ ಮೇಲೆ ಮಾಡುವ ಪರಿಣಾಮ. ನನ್ನ ತಿಳಿವಳಿಕೆಯಲ್ಲಿ ಇದಕ್ಕಿಂತ ದೊಡ್ಡದು ಕೀಟದ ಶತ್ರುಗಳ ಮೇಲೆ ಆಗುವ ಪರಿಣಾಮ. ಶಲ್ಕ ಕೀಟದ ಹೊದಿಕೆಯೊಳಗೆ ಮೊಟ್ಟೆಯಿಟ್ಟು ಅದನ್ನು ತಿಂದು ಮುಗಿಸುವ, ಒಂದು ಮಿಲಿಮೀಟರ್ ಉದ್ದದ ಕಣಜಗಳಿವೆ. ನಿಮ್ಮ ಭೂತಗನ್ನಡಿಯಲ್ಲಿ ಕೆಲವು ಹುರುಪೆಗಳ ನಡುವೆ ಸೂಜಿಯಿಂದ ಚುಚ್ಚಿದಂಥ ದುಂಡನೆಯ ತೂತು ಕಂಡರೆ, ಅಲ್ಲಿಂದ ಒಂದು ಕಣಜ ಹೊರಗೆ ಹೋಗಿದೆ ಎಂದರ್ಥ; ಆ ಹುರುಪೆ ಖಾಲಿ ಚಿಪ್ಪು. ಕಣ್ಣಿಗೆ ಬೀಳದ ಈ ಕಣಜಗಳು ಮತ್ತು ಗುಲಗಂಜಿ ಹುಳುಗಳು ತೋಟದಲ್ಲಿ ಇರುವವರೆಗೆ ಶಲ್ಕ ಕೀಟವೂ ಇರುತ್ತದೆ, ಕಾಟವಾಗುವುದಿಲ್ಲ.

ಹವಾಮಾನಕ್ಕೆ ಒಗ್ಗುವ ಕಣಜ ಎಷ್ಟು ಮುಖ್ಯ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳ ಉದಾಹರಣೆ ಕೀಟಶಾಸ್ತ್ರದಲ್ಲಿ ಪ್ರಸಿದ್ಧ. ಅಲ್ಲಿನ ಕೆಂಪು ಶಲ್ಕ ಕೀಟವನ್ನು ಹತೋಟಿಗೆ ತರಲು 1940ರ ದಶಕದ ಕೊನೆಯಲ್ಲಿ ಚೀನಾದಿಂದ ಅಫೈಟಿಸ್ ಲಿಂಗ್ನಾನೆನ್ಸಿಸ್ ಎಂಬ ಕಣಜವನ್ನು ತಂದು ಬಿಟ್ಟರು. ಹಿತವಾದ ಹವೆಯ ಕರಾವಳಿಯಲ್ಲಿ ಅದು ನೆಲೆಯೂರಿತು. ಬೇಸಿಗೆಯಲ್ಲಿ ಒಣಬಿಸಿಲು, ಚಳಿಗಾಲದಲ್ಲಿ ಕಡುಚಳಿ ಇರುವ ಒಳನಾಡಿನಲ್ಲಿ ಸೋತಿತು. ಆಮೇಲೆ 1950ರ ದಶಕದ ನಡುವಿನಲ್ಲಿ ಪೌಲ್ ಡಿಬ್ಯಾಕ್ ಎಂಬ ವಿಜ್ಞಾನಿ ಭಾರತ ಮತ್ತು ಪಾಕಿಸ್ತಾನದಿಂದ ಅಫೈಟಿಸ್ ಮೆಲಿನಸ್ ಎಂಬ ಇನ್ನೊಂದು ಕಣಜವನ್ನು ಕೊಂಡೊಯ್ದರು. ಒಣಹವೆಗೆ ಒಗ್ಗಿದ್ದ ಅದು ಕೆಲವೇ ವರ್ಷಗಳಲ್ಲಿ ಒಳನಾಡಿನಲ್ಲೆಲ್ಲ ಹರಡಿ ಹಿಂದಿನದರ ಜಾಗವನ್ನೂ ಹಿಡಿಯಿತು. ಅವರು ಇಲ್ಲಿಂದ ಒಯ್ದು ಸಾಕಿ ಬಿಡುವುದನ್ನು ನಾವು ನಮ್ಮ ತೋಟದಲ್ಲೇ ತಿಂಗಳಿಗೊಮ್ಮೆ ಔಷಧಿ ಹೊಡೆದು ಕೊಲ್ಲುತ್ತಿದ್ದೇವೆ ಎನ್ನದೆ ವಿಧಿಯಿಲ್ಲ.

ರಸ್ತೆ ಪಕ್ಕದ ಸಾಲಿನ ಪ್ರಶ್ನೆಗೂ ಉತ್ತರ ಈ ಕಣಜದಲ್ಲೇ ಇದೆ. ಟ್ರ್ಯಾಕ್ಟರು, ಟಿಪ್ಪರುಗಳು ಎಬ್ಬಿಸಿದ ದೂಳು ಎಲೆ, ಕೊಂಬೆಗಳ ಮೇಲೆ ಪದರವಾಗಿ ಕೂತಾಗ, ಒಂದು ಮಿಲಿಮೀಟರಿನ ಕಣಜಕ್ಕೆ ಅದು ಉಳುಮೆ ಮಾಡಿದ ಹೆಂಟೆಯ ಹೊಲದಂತೆ. ಹೆಜ್ಜೆಹೆಜ್ಜೆಗೂ ಮೈಯುಜ್ಜಿ ಶುಚಿ ಮಾಡಿಕೊಳ್ಳುವುದರಲ್ಲೇ ಅದರ ಹೊತ್ತು ಕಳೆಯುತ್ತದೆ. ದೂಳಿನ ಹರಳುಗಳು ಅದರ ಮೈಯ ಮೇಣವನ್ನು ಕೆರೆದು ನೀರಿನಂಶ ಆರಿಹೋಗುವಂತೆ ಮಾಡಿ ಕೊಲ್ಲುವುದೂ ಉಂಟು. ಹೊದಿಕೆಯಡಿ ಕೂತ ಶಲ್ಕ ಕೀಟಕ್ಕೆ ದೂಳಿನಿಂದ ಅಂಥ ತೊಂದರೆಯಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಿತ್ತಳೆ ಮರಗಳ ಮೇಲೆ ಬೇಕೆಂದೇ ದೂಳು ಎರಚಿ ನೋಡಿದಾಗಲೂ, ಯಾವ ಕೀಟನಾಶಕವನ್ನೂ ಬಳಸದಿದ್ದರೂ, ಕೆಂಪು ಶಲ್ಕ ಕೀಟ ಹೆಚ್ಚಾಯಿತು. 2022ರಲ್ಲಿ ಮೇಲಿಂದ ಮೇಲೆ ಬಿದ್ದ ಮಳೆ ನಿಮ್ಮ ನಿಂಬೆಯ ಎಲೆಗಳನ್ನು ತೊಳೆಯುತ್ತಲೇ ಇತ್ತು. 2023ರಲ್ಲಿ ತೊಳೆಯುವವರಿಲ್ಲದೆ ತಿಂಗಳುಗಟ್ಟಲೆ ದೂಳು ಕೂತಿತು, ಬಿಸಿಲು ಕೀಟದ ತಲೆಮಾರುಗಳನ್ನು ಬೇಗ ಬೇಗ ಮುಗಿಸಿತು, ಗಿಡ ಬಾಯಾರಿತ್ತು. ಮೂರೂ ಒಂದೇ ಬರದ ಕೆಲಸವಾದರೂ ಇವುಗಳಲ್ಲಿ ದೂಳು ಮತ್ತು ಬಾಯಾರಿಕೆ ನಿಮ್ಮ ಕೈಯಲ್ಲಿವೆ, ಬಿಸಿಲು ಇಲ್ಲ. ವಾರಕ್ಕೆರಡು ಬಾರಿ ಆ ರಸ್ತೆಗೆ ನೀರು ಚಿಮುಕಿಸುವುದು, ಹದಿನೈದು ದಿನಕ್ಕೊಮ್ಮೆ ಸ್ಪ್ರೇಯರಿನಿಂದ ಬರೀ ನೀರನ್ನು ರಭಸವಾಗಿ ಹೊಡೆದು ಎಲೆ ತೊಳೆಯುವುದು, ರಸ್ತೆಯಂಚಿಗೆ ಒತ್ತಾದ ಒಂದು ಸಾಲು ಬೇಲಿಗಿಡ ಬೆಳೆಸುವುದು, ಇವು ನಿಮ್ಮ ನಿಂಬೆ ಸಾಲಿಗೆ ಯಾವ ಡಬ್ಬಿಗಿಂತಲೂ ಹೆಚ್ಚು ಕೆಲಸ ಮಾಡುತ್ತವೆ.

ಗಾಳಿಯ ಪಾತ್ರವನ್ನೂ ಹೇಳಬೇಕು. ಗಾಳಿಯಂತ್ರಗಳಿಗೆ ಹೆಸರಾದ ಚಿತ್ರದುರ್ಗದ ಗುಡ್ಡಗಳ ಆಷಾಢದ ಗಾಳಿ ಓಡಾಡುವ ಮರಿಗಳನ್ನು ಹೊತ್ತು ಪಕ್ಕದ ತೋಟಕ್ಕೆ ಇಳಿಸಬಲ್ಲದು. ಆ ಗಾಳಿ ನೈಋತ್ಯ, ಪಶ್ಚಿಮಗಳಿಂದ ಬೀಸುವುದರಿಂದ ಆ ದಿಕ್ಕಿನಲ್ಲಿ ಪಾಳುಬಿಟ್ಟ ನಿಂಬೆಯೋ ಸೀಬೆಯೋ ಇದ್ದರೆ ಹೊಸ ಸೋಂಕು ಮೊದಲು ಕಾಣುವುದು ಆ ಬದಿಯ ಗಿಡಗಳಲ್ಲಿ.

ಸೀಬೆಯ ವಿಷಯದಲ್ಲಿ ದೂಳಿಗಿಂತ ಇರುವೆಯ ಕಡೆ ಗಮನ ಕೊಡಿ. ಅಂಟಿನ ಆಸೆಗೆ ಮರ ಹತ್ತುವ ಇರುವೆಗಳು ಹತ್ತಿರ ಬಂದ ಕಣಜವನ್ನೂ ಗುಲಗಂಜಿ ಹುಳುವನ್ನೂ ಓಡಿಸುತ್ತವೆ. ಮಳೆಗಾಲದ ನಂತರದ ಬೆಚ್ಚಗಿನ, ಹಸಿ ನೆಲದಲ್ಲಿ ಇರುವೆಗಳ ಓಡಾಟ ಚುರುಕಾಗಿರುವುದರಿಂದ ಹವೆಯೂ ಇರುವೆಯೂ ಏಕಕಾಲಕ್ಕೆ ಮೆದು ಶಲ್ಕ ಕೀಟದ ಪರವಾಗಿ ನಿಲ್ಲುತ್ತವೆ. ನೆಲಕ್ಕೆ ತಾಗುವ ರೆಂಬೆಗಳನ್ನು ಸವರಿ, ಬದುವಿನ ಹುಲ್ಲು ಕಾಂಡಕ್ಕೆ ಏಣಿಯಾಗದಂತೆ ಬಿಡಿಸಿ, ಕಾಂಡದ ಸುತ್ತ ಒಂದು ಗೇಣಗಲದ ಪ್ಲಾಸ್ಟಿಕ್ ಹಾಳೆ ಬಿಗಿದು ಅದರ ಮೇಲೆ ಗ್ರೀಸ್ ಬಳಿಯಿರಿ. ಗ್ರೀಸನ್ನು ತೊಗಟೆಗೆ ನೇರವಾಗಿ ಬಳಿಯಬೇಡಿ. ದೂಳು ಕೂತು ಗ್ರೀಸು ಒಣಗಿದಾಗ ಮತ್ತೆ ಬಳಿಯಬೇಕಾಗುತ್ತದೆ.

ಇರುವೆ ನಿಂತ ಮೇಲೆ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವನ್ನು ಮರಕ್ಕೆ 10ರಿಂದ 20ರಂತೆ ಬಿಡುವುದು ಸೀಬೆಗೆ ಒಳ್ಳೆಯ ಉಪಾಯ. ಆಸ್ಟ್ರೇಲಿಯಾ ಮೂಲದ ಈ ಹುಳುವನ್ನು ಭಾರತಕ್ಕೆ ತಂದದ್ದು 1898ರಲ್ಲಿ, ಕಾಫಿಯ ಹಸಿರು ತಿಗಣೆಗಾಗಿಯೇ. ಬಿಳಿ ಹತ್ತಿಯ ಮೊಟ್ಟೆಚೀಲಗಳು ಕಾಣುತ್ತಿರುವಾಗ, ಉರಿಬಿಸಿಲಿಲ್ಲದ ತಿಂಗಳುಗಳಲ್ಲಿ, ಸಂಜೆ ಬಿಡಬೇಕು. ಇದರ ಮರಿಯ ಮೈಮೇಲೆ ಬಿಳಿ ಮೇಣದ ಎಳೆಗಳಿರುವುದರಿಂದ ಅದು ಥೇಟ್ ಹಿಟ್ಟುತಿಗಣೆ ಎಂಬ ರಸ ಹೀರುವ ಕೀಟದಂತೆಯೇ ಕಾಣುತ್ತದೆ. ದುಡ್ಡು ಕೊಟ್ಟು ತಂದ ಹುಳುವಿನ ಮರಿಗಳನ್ನು ಕಂಡು ಗಾಬರಿಯಾಗಿ ಔಷಧಿ ಹೊಡೆದವರಿದ್ದಾರೆ. ಹಿಟ್ಟುತಿಗಣೆಗಿಂತ ದೊಡ್ಡದಾಗಿದ್ದು, ಮುಟ್ಟಿದರೆ ಚುರುಕಾಗಿ ಓಡಿದರೆ ಅದು ನಿಮ್ಮ ಮಿತ್ರ.

ಈಗ ಸಿಂಪರಣೆ. ತಿಂಗಳಿಗೊಮ್ಮೆ ಹೊಡೆದರೂ ಹೋಗದಿರುವುದಕ್ಕೆ ಎರಡು ಕಾರಣ. ನೆಲೆ ನಿಂತ ಕೀಟಕ್ಕೆ ಹೊದಿಕೆಯ ರಕ್ಷಣೆ ಇರುವುದರಿಂದ ಮೈಮೇಲೆ ಬಿದ್ದ ಔಷಧಿ ಅದಕ್ಕೆ ತಾಗುವುದಿಲ್ಲ. ಬಯಲಲ್ಲಿರುವ ಕಣಜಕ್ಕೆ ಮಾತ್ರ ತಾಗುತ್ತದೆ. ಪೈರೆಥ್ರಾಯ್ಡ್ ಗುಂಪಿನ ಔಷಧಿಗಳನ್ನು ಪದೇ ಪದೇ ಹೊಡೆದ ತೋಟಗಳಲ್ಲಿ ಶಲ್ಕ ಕೀಟ ಮತ್ತಷ್ಟು ಹೆಚ್ಚುವುದು ಹೀಗೆಯೇ, ಅವನ್ನು ನಿಲ್ಲಿಸಿ. ಕ್ಯಾಲೆಂಡರ್ ನೋಡಿ ಹೊಡೆಯುವ ಬದಲು ಮರಿ ಓಡಾಡುವ ಸಮಯ ನೋಡಿ ಹೊಡೆಯಬೇಕು. ಎರಡೂ ಬದಿ ಅಂಟಿರುವ ಪಾರದರ್ಶಕ ಟೇಪನ್ನು ಹುಳುವಿರುವ ನಾಲ್ಕಾರು ರೆಂಬೆಗಳಿಗೆ ಒಂದೊಂದು ಸುತ್ತು ಸುತ್ತಿ, ವಾರಕ್ಕೊಮ್ಮೆ ಬಿಚ್ಚಿ ಬಿಳಿ ಹಾಳೆಗೆ ಅಂಟಿಸಿ ಭೂತಗನ್ನಡಿಯಲ್ಲಿ ನೋಡಿ. ಅರಿಸಿನದ ಪುಡಿಯ ಕಣದಂಥ ಹಳದಿ ಚುಕ್ಕೆಗಳು ಒಂದು ವಾರ ಹತ್ತಿದ್ದು ಮುಂದಿನ ವಾರ ಐವತ್ತಾದರೆ ಅದೇ ಸರಿಯಾದ ಸಮಯ.

ಆಗ ತೋಟಗಾರಿಕೆಗೆಂದೇ ಸಿಗುವ ಖನಿಜ ತೈಲವನ್ನೋ, ಲೀಟರಿಗೆ 25 ಗ್ರಾಂನಂತೆ ಮೀನೆಣ್ಣೆ ರಾಳದ ಸೋಪನ್ನೋ ಎಲೆಯ ಎರಡೂ ಬದಿ, ಕೊಂಬೆಯ ಸುತ್ತ ತೊಯ್ಯುವಂತೆ ಸಿಂಪಡಿಸಿ. ಇವು ಕೀಟವನ್ನು ಉಸಿರುಗಟ್ಟಿಸಿ ಕೊಲ್ಲುತ್ತವೆ, ಒಣಗಿದ ಮೇಲೆ ಬಂದು ಕೂರುವ ಕಣಜಕ್ಕೆ ಅಷ್ಟಾಗಿ ಅಪಾಯವಿಲ್ಲ. ಇಲ್ಲಿಯೂ ಹವಾಮಾನದ ಕಟ್ಟಳೆ ಇದೆ: ಉಷ್ಣಾಂಶ 32 ಡಿಗ್ರಿ ದಾಟುವ ಹೊತ್ತಿನಲ್ಲಿ ಅಥವಾ ನೀರಿಲ್ಲದೆ ಬಾಡಿದ ಗಿಡಕ್ಕೆ ತೈಲ ಹೊಡೆದರೆ ಎಲೆ ಸುಟ್ಟು ಉದುರುತ್ತದೆ. ಹಿಂದಿನ ದಿನ ನೀರು ಹಾಯಿಸಿ, ಬೆಳಗಿನ ಜಾವ ಹೊಡೆದು ಮುಗಿಸಿ. ದಾಳಿಂಬೆಗೆ ನುಸಿಗಾಗಿ ಗಂಧಕ ಹೊಡೆದಿದ್ದರೆ ತೈಲಕ್ಕೂ ಅದಕ್ಕೂ ಒಂದು ತಿಂಗಳ ಅಂತರವಿರಲಿ, ಎರಡೂ ಕೂಡಿದರೆ ಗಿಡಕ್ಕೆ ವಿಷ. ಸತ್ತ ಹುರುಪೆ ತಾನಾಗಿ ಉದುರುವುದಿಲ್ಲ, ತಿಂಗಳುಗಟ್ಟಲೆ ಅಂಟಿಕೊಂಡೇ ಇರುತ್ತದೆ. ಅದನ್ನು ಕಂಡು ಮತ್ತೆ ಹೊಡೆಯಬೇಡಿ. ಪಿನ್ನಿನಿಂದ ಎತ್ತಿ ನೋಡಿದಾಗ ಒಳಗಿನದು ಒಣಗಿ ಕಂದಾಗಿದ್ದರೆ ಸತ್ತಿದೆ, ಹಳದಿ ರಸ ಬಂದರೆ ಬದುಕಿದೆ.

ನಿಂಬೆಯ ಒಣಗಿದ ತುದಿಗಳನ್ನು ಹಸಿ ಕೊಂಬೆ ಸಿಗುವವರೆಗೆ ಕತ್ತರಿಸಿ ತೋಟದ ಹೊರಗೆ ಸುಡಿ, ಆದರೆ ಮಾರ್ಚ್‌ನಿಂದ ಮೇವರೆಗೆ ಒಳಗಿನ ಕೊಂಬೆಗಳನ್ನು ಬಯಲು ಮಾಡುವಂಥ ಸವರುವಿಕೆ ಬೇಡ, ತೊಗಟೆ ಬಿಸಿಲಿಗೆ ಸುಡುತ್ತದೆ. ಸೀಬೆಯ ಒಳಕವಲುಗಳನ್ನು ತೆಳು ಮಾಡುವುದು ಮಾತ್ರ ಬೇಸಿಗೆ ಏರುವ ಮುಂಚೆಯೇ ಆಗಲಿ, ಮುಂದಿನ ಏಪ್ರಿಲ್‌ನ ಬಿಸಿಲಿಗೆ ಅಲ್ಲಿ ಕೆಲಸವಿದೆ. ಕ್ರಿಪ್ಟೊಲೀಮಸ್ ಎಲ್ಲಿ ಸಿಗುತ್ತದೆ ಎಂಬುದನ್ನು ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಹೋಗುವಾಗ ನಿಂಬೆಯ ಒಂದು ರೆಂಬೆ, ಸೀಬೆಯ ನಾಲ್ಕು ಎಲೆಗಳನ್ನು ಬೇರೆ ಬೇರೆ ಕಾಗದದ ಚೀಲಗಳಲ್ಲಿ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಕೊಳೆತರೆ ಕೀಟವನ್ನು ಗುರುತಿಸುವುದು ಕಷ್ಟವಾಗುತ್ತದೆ.